ಬಲಸುತ್ತಿನ ಲೆಕ್ಕ

ಅಣ್ಣ ಪರೀಕ್ಷೆಗೆ ಹೊರಡುವ ಹಿಂದಿನ ದಿನ ಮೂಡಲಗಿಯ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಅವ್ವ ಜೋಳ ಬೀಸುತ್ತಿದ್ದಳು. ಅಪ್ಪ ಅಂಗಡಿಗೆ ಹೋಗಿದ್ದ. ನಾನು ಪಡಸಾಲೆಯ ನೆಲದ ಮೇಲೆ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತಿದ್ದೆ. ಇನ್ನೊಂದು ತುದಿಗೆ ಸೀಮೆಸುಣ್ಣದ ತುಂಡು ಕಟ್ಟಿ ಅಣ್ಣ ದುಂಡಗೆ ಗೆರೆ ಎಳೆಯುತ್ತಿದ್ದ.

ಅವನು ಬೆಳಗಾವಿಯಲ್ಲಿ ಇಂಟರ್ ಓದುತ್ತಿದ್ದ. ಗಣಿತದಲ್ಲಿ ಒಮ್ಮೆ ನಾಪಾಸಾಗಿದ್ದ. ಈ ಸಲವೂ ಹಾಗೇ ಆದರೆ ಕಾಲೇಜು ಬಿಡಿಸಿ ಅಂಗಡಿಯಲ್ಲಿ ಕೂರಿಸುವುದಾಗಿ ಅಪ್ಪ ಹೇಳಿಬಿಟ್ಟಿದ್ದ. ಅದಕ್ಕೇ ರಜೆಯುದ್ದಕ್ಕೂ ಅಣ್ಣ ನನ್ನನ್ನು ಎದುರು ಕೂರಿಸಿಕೊಂಡು ಲೆಕ್ಕ ಬಿಡಿಸುತ್ತಿದ್ದ. ನಾನು ಕಲಿತದ್ದು ಕನ್ನಡ ಏಳನೆಯ ಇಯತ್ತೆಯವರೆಗೆ ಮಾತ್ರ. “ನಿನಗ ತಿಳೀತಂದ್ರ ನನಗೂ ತಿಳಿದಂಗ” ಎನ್ನುತ್ತಿದ್ದ.

ದಾರದ ಉದ್ದವನ್ನು ಒಂದು ಎಂದು ಹಿಡಿಯಬೇಕು. ದುಂಡಿನ ನಡುವೆ ಎಳೆದ ಅಡ್ಡಗೆರೆಯ ಬಲತುದಿಯಿಂದ ಹೊರಟು, ಗಡಿಯಾರದ ಮುಳ್ಳಿಗೆ ಎದುರಾಗಿ, ದುಂಡುಗೆರೆಯ ಮೇಲೆ ಸಾಗಬೇಕು. ಎಷ್ಟು ತಿರುಗಿದೆವೆಂಬುದು ಕೋನ. ಅಡ್ಡಗೆರೆಯಿಂದ ಎಷ್ಟು ಮೇಲಿದ್ದೇವೆಂಬುದು ಸೈನ್. ಸೈನ್ ಅರ್ಧ ಎಂದು ಕೊಟ್ಟರೆ, ದಾರದ ಅರ್ಧದಷ್ಟು ಎತ್ತರದ ಜಾಗ ಹುಡುಕಬೇಕು. ಅಂಥವು ಎರಡು ಸಿಗುತ್ತವೆ: ಏರುವಾಗ ಮೂವತ್ತು ಡಿಗ್ರಿಗೆ ಒಂದು, ಇಳಿಯುವಾಗ ನೂರೈವತ್ತಕ್ಕೆ ಇನ್ನೊಂದು. ಹಿಂದಿನ ವರ್ಷ ಅವನು ಒಂದನ್ನೇ ಬರೆದು ಬಂದಿದ್ದ.

ಅವ್ವ ಬೀಸುವುದನ್ನು ನಿಲ್ಲಿಸಿ ನೋಡಿದಳು.

“ಯಪ್ಪಾ, ಯಾಕ ಎಡಕ್ಕ ಸುತ್ತಾಕತ್ತಿ? ಮಠದ ಗದ್ದಿಗಿ ಯಾರರ ಎಡಕ್ಕ ಸುತ್ತತಾರೇನು?”

“ಪುಸ್ತಕದಾಗ ಹಂಗ ಐತೆವ್ವಾ.”

“ಪುಸ್ತಕ ಬರದಾಂವಗ ಅವ್ವ ಇದ್ದಿಲ್ಲೇನು?”

“ನಿನ್ನ ಬೀಸುಕಲ್ಲು ಯಾ ಕಡೆ ತಿರಗತೈತಿ ನೋಡಿಯೇನು?”

“ಅದು ಕಲ್ಲು. ನೀ ನನ್ನ ಮಗಾ.”

ಅಣ್ಣ ನಕ್ಕ. ಅವ್ವ ನಗಲಿಲ್ಲ. ಎಡಸುತ್ತು ಸಾವನ್ನು ಕರೆಯುತ್ತದೆಂದು ಅವಳ ಅಂಜಿಕೆ. ಆ ಬೇಸಿಗೆ ನಮ್ಮ ಓಣಿಯಲ್ಲೇ ಇಬ್ಬರು ಜ್ವರದಿಂದ ಹೋಗಿದ್ದರು. ಮಧ್ಯಾಹ್ನ ನನ್ನನ್ನು ಅಡಿಗೆಮನೆಗೆ ಕರೆದು, “ನೀ ಹೇಳ. ನಿನ್ನ ಮಾತು ಕೇಳತಾನ” ಎಂದಳು. ಅವಳ ಅಂಜಿಕೆ ನನಗೂ ಹತ್ತಿಕೊಂಡಿತು.

ನಾನು ಹೇಳಿದೆ. ಅವನು ಬಲಕ್ಕೆ ಒಂದು ಸುತ್ತು ಹೋಗಿ ತೋರಿಸಿದ. ಹಾಗೆ ಹೊರಟರೆ ಮೊದಲು ಅಡ್ಡಗೆರೆಯ ಕೆಳಗೇ ಇಳಿಯಬೇಕು; ಅರ್ಧ ಸುತ್ತು ಮುಗಿದ ಮೇಲೆ ಏರು. ಮೂವತ್ತು, ನೂರೈವತ್ತರ ಬದಲು ಇನ್ನೂರ ಹತ್ತು, ಮುನ್ನೂರ ಮೂವತ್ತು ಬಂದವು.

“ನೋಡು ತಂಗೀ, ಜಾಗಾ ಅವ ಎರಡು, ಉತ್ತರ ಖೊಟ್ಟಿ. ಅವ್ವನ ಮಾತು ಕೇಳಿದ್ರ ನಾ ಅಂಗಡ್ಯಾಗ ಸಕ್ಕರಿ ತೂಗೂದ.”

ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ಮುಖ ನೋಡಿ ಅವನೇ ಗಟ್ಟಿಯಾಗಿ, “ಆತವ್ವಾ, ಬಲಕ್ಕ ತಿರಗತೇನಿ” ಎಂದ. ಅವಳಿಗೆ ಸಮಾಧಾನವಾಗಲೆಂದು ಸಂಜೆಯವರೆಗೆ ಬಲಕ್ಕೇ ತಿರುಗಿ ಐದಾರು ಲೆಕ್ಕ ಮಾಡಿದ. ದಾರ ಹಿಡಿದವಳು ನಾನೇ.

ಮರುದಿನ ಬೆಳಿಗ್ಗೆ ಗೋಕಾಕದ ಮೋಟಾರು ಹತ್ತುವಾಗ ನಾನು ಹತ್ತಿರ ಹೋಗಿ, “ಅಣ್ಣಾ, ಅವ್ವನ ಮಾತು ಮರೀಬ್ಯಾಡ” ಎಂದೆ. ಉತ್ತರ ತಪ್ಪಾಗುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ಅವನು “ಹೂಂ” ಎಂದ. ಚೇಷ್ಟೆಗೆ ಅಂದನೋ, ನಿಜವಾಗಿ ಅಂದನೋ ತಿಳಿಯಲಿಲ್ಲ.

ಐದನೆಯ ದಿನ ಗೋಕಾಕದ ಪರಿಚಯದವರು ಆಳು ಕಳಿಸಿದರು. ಅಣ್ಣ ಜ್ವರದಲ್ಲಿ ಅಲ್ಲಿಯವರೆಗೆ ಬಂದು, ಮುಂದೆ ಬರಲಾಗದೆ ಅವರ ಮನೆಯಲ್ಲಿ ಮಲಗಿದ್ದ. ಅಪ್ಪ ಚಕ್ಕಡಿಯಲ್ಲಿ ಕರೆತಂದ. ಗಣಿತದ ಪರೀಕ್ಷೆಯೊಂದನ್ನು ಮಾತ್ರ ಮೈ ಸುಡುತ್ತಿರುವಾಗಲೇ ಬರೆದು, ಉಳಿದವನ್ನು ಬಿಟ್ಟು ಬಂದಿದ್ದ.

ಹಾಸಿಗೆಯಲ್ಲಿ ನನ್ನನ್ನು ಕಂಡು, “ಎರಡು ಬಂದ್ವು ತಂಗೀ. ಈ ಸಲ ಎರಡೂ ಬರದೆ” ಎಂದ. ಮುಖದಲ್ಲಿ ತೃಪ್ತಿ ಇತ್ತು.

ಯಾವ ಎರಡು ಎಂದು ಕೇಳಲು ಬಾಯಿ ತೆರೆದೆ. ಎಡಕ್ಕೆ ಹೋದರೂ ಎರಡು, ಬಲಕ್ಕೆ ಹೋದರೂ ಎರಡೇ. ಆದರೆ ತಲೆಯ ಹತ್ತಿರ ಅವ್ವ ಕೂತು ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಎಡಕ್ಕೆ ಎಂದರೆ ಅವಳು ತಾಳಳು. ಬಲಕ್ಕೆ ಎಂದರೆ, ನನ್ನ ಮಾತಿಗೇ ತಪ್ಪು ಬರೆದನೆಂದು ನಾನು ತಾಳೆ. ನಾಳೆ ಅವಳಿಲ್ಲದಾಗ ಕೇಳೋಣವೆಂದುಕೊಂಡೆ. ಮರುದಿನದಿಂದ ಅವನಿಗೆ ಎಚ್ಚರವೇ ಸರಿಯಾಗಿ ಇರಲಿಲ್ಲ. ಕೌದಿಯ ಮೇಲೆ ಅವನ ಬೆರಳು ಆಡಿದಾಗಲೆಲ್ಲ ಯಾವ ಕಡೆ ತಿರುಗುತ್ತದೆಂದು ನೋಡುತ್ತಿದ್ದೆ. ಅದು ಎತ್ತಲೂ ತಿರುಗಲಿಲ್ಲ. ಸುಮ್ಮನೆ ಕೌದಿಯ ಹೊಲಿಗೆ ಕೆರೆಯುತ್ತಿತ್ತು. ಮನೆಗೆ ಬಂದ ಒಂಬತ್ತನೆಯ ದಿನ ಅವನು ಹೋದ.

ನನ್ನನ್ನು ಹುಕ್ಕೇರಿಗೆ ಕೊಟ್ಟರು. ನಮ್ಮ ಯಜಮಾನರು ಸಾಲೆಯ ಮಾಸ್ತರರು. ಬರೆದ ಉತ್ತರದ ಹಾಳೆಗಳನ್ನು ಯಾರಿಗೂ ತಿರುಗಿ ಕೊಡುವುದಿಲ್ಲವೆಂದು ಅವರೇ ಹೇಳಿದರು. ಉಳಿದ ಪರೀಕ್ಷೆಗೆ ಕೂರದವನ ಫಲಿತಾಂಶದಿಂದ ತಿಳಿಯುವುದೂ ಏನಿಲ್ಲ.

ಮೊದಲ ಸಲ ತವರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ, “ಅಂವಾ ಬಲಕ್ಕನ ತಿರಗಿದ್ನಲ್ಲ?” ಎಂದು ಕೇಳಿದಳು. ನಾನು “ಹೂಂ ಯವ್ವಾ” ಎಂದೆ.

ಅವನು ಆ ದಿನ ಬರೆದ ಎರಡು ಸಂಖ್ಯೆಗಳು ಯಾವುವೆಂದು ನನಗೆ ಗೊತ್ತಿಲ್ಲ.