ಕೀಲಿತೂತಿನ ವಿಭೂತಿ

ಗಣಿ ಜೋರಾಗಿದ್ದ ವರ್ಷಗಳಲ್ಲಿ ಹೊಸಪೇಟೆ–ಸಂಡೂರು ರಸ್ತೆಯಲ್ಲಿ ನನ್ನ ಆಯುಷ್ಯದ ಒಂದು ಪಾಲು ಸುಮ್ಮನೆ ನಿಂತೇ ಕಳೆದುಹೋಯಿತು. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ನಡುವೆ ನಾನು ಮತ್ತು ಅಪ್ಪನ ಹಳೆಯ ಬಿಳಿ ಕಾರು. ಬಿಳಿ ಅನ್ನುವುದು ಆರ್‌ಸಿ ಪುಸ್ತಕದ ಮಾತು. ಕಂಡವರ ಕಣ್ಣಿಗೆ ಅದು ಇಟ್ಟಿಗೆ ಬಣ್ಣದ ಕಾರು. ಸಂಡೂರಿನ ಆಚೆ, ವಡ್ಡು ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವಂತಾದ ಮೇಲೆ ಆ ಕಾರನ್ನೇ ನೆಚ್ಚಿಕೊಂಡಿದ್ದೆ.

ಲಾರಿ ಸಾಲು ನಿಂತಾಗ ಎಲ್ಲರೂ ಇಂಜಿನ್ ಆರಿಸಿ, ಕೆಳಗಿಳಿದು, ಬೀಡಿ ಹಚ್ಚಿ ಮಾತಿಗೆ ಕೂರುತ್ತಿದ್ದರು. ನಾನು ಮಾತ್ರ ಆರಿಸುತ್ತಿರಲಿಲ್ಲ. ಒಮ್ಮೆ ಆರಿಸಿದರೆ ಮತ್ತೆ ಶುರುವಾಗುತ್ತದೆಂಬ ನಂಬಿಕೆಯೇ ಹೋಗಿತ್ತು. ಕೀಲಿಕೈ ಒಳಗೆ ಹೋಗುತ್ತಿತ್ತು, ತಿರುಗುತ್ತಿರಲಿಲ್ಲ. ತಿರುಗಿದರೆ ವಾಪಸ್ ಬರುತ್ತಿರಲಿಲ್ಲ. ಇಂಜಿನ್ ಶುರುವಾದ ಮೇಲೂ ಸ್ಟಾರ್ಟರ್ ಕಿರ್ರೆಂದು ಒದರುತ್ತಲೇ ಇರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಅದನ್ನು ಹಿಂದಕ್ಕೆ ತಿರುವಬೇಕು. ಒಂದು ದಿನ ಹಾಗೆ ಗುದ್ದಾಡುತ್ತಿದ್ದಾಗ ಹಿಂದಿನ ಲಾರಿಯವನು ಬಂದು ಕಿಟಕಿಯಲ್ಲಿ ಬಗ್ಗಿ, "ಅಕ್ಕಾರ, ಸರೀರಿ. ಇಲ್ಲಾಂದ್ರ ಅದಿರಿನ ಜೋಡಿ ಇದನ್ನೂ ತುಂಬಿಕೊಂಡು ಹೋಗ್ತೀನಿ" ಎಂದ. ಅವನು ನಗಿಸಲೆಂದೇ ಹೇಳಿದ್ದು. ನನಗೆ ನಗುವಷ್ಟು ತ್ರಾಣ ಉಳಿದಿರಲಿಲ್ಲ.

ಅಪ್ಪನಿಗೆ ಕಂಪ್ಲಿಯಲ್ಲಿ ಅಕ್ಕಿ ಅಂಗಡಿಯಿತ್ತು. ಅವ್ವ ತೀರಿಕೊಂಡ ಮೇಲೆ ಅದನ್ನು ಮುಚ್ಚಿ, ಕಾರಿನ ಸಮೇತ ಹೊಸಪೇಟೆಗೆ ನನ್ನ ಹತ್ತಿರ ಬಂದ. ಮನೆಯಲ್ಲಿ ನಾವಿಬ್ಬರೇ. ಬಂದ ಸ್ವಲ್ಪ ಕಾಲಕ್ಕೆ ಅವನ ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದರು. ಕಾರು ನನ್ನ ಪಾಲಿಗೆ ಬಂತು. ಆದರೆ ಅಂಗಡಿಯ ಒಂದು ರೂಢಿಯನ್ನು ಅಪ್ಪ ಬಿಡಲಿಲ್ಲ. ಕಂಪ್ಲಿಯಲ್ಲಿ ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ ಹೋಗಿ, ಶಟರಿನ ಕೀಲಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಮೇಲೆ ವಿಭೂತಿ ಎಳೆದು, ಆಮೇಲೆಯೇ ಅಂಗಡಿ ತೆಗೆಯುತ್ತಿದ್ದ. ಶಟರ್ ಹೋಯಿತು, ಕಾರಿನ ಕೀಲಿ ಉಳಿದಿತ್ತು. ಕಣ್ಣು ಚೆನ್ನಾಗಿದ್ದಾಗ ಕಾರಿನ ವಿಭೂತಿ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಕಣ್ಣು ಮಂಜಾದ ಮೇಲೆ ಅವನ ಬೆರಳು ತನಗೆ ರೂಢಿಯಾದ ಜಾಗವನ್ನೇ ಹುಡುಕಿಕೊಂಡಿತು: ಸ್ಟಿಯರಿಂಗಿನ ಪಕ್ಕದ ಕೀಲಿತೂತು.

ಆಮೇಲೆ ಅಂಗಿಯ ಜೇಬಿನಿಂದ ತನ್ನ ಕೀಲಿಕೈ ತೆಗೆದು ತಾನೇ ಒಮ್ಮೆ ಇಂಜಿನ್ ಶುರು ಮಾಡುತ್ತಿದ್ದ. ಕಿವಿಗೊಟ್ಟು ಕೇಳಿ, ಇಳಿದು, "ಹುಷಾರಾಗಿ ಹೋಗಿ ಬಾ ಯವ್ವಾ" ಅನ್ನುತ್ತಿದ್ದ. ಆ ರಸ್ತೆಯಲ್ಲಿ ಲಾರಿಗೆ ಸಿಕ್ಕವರ ಸುದ್ದಿ ಆಗಾಗ ಬರುತ್ತಲೇ ಇತ್ತು. ನಾನು ತಿರುಗಿ ಬರುವತನಕ ಅವನು ಮನೆಮುಂದಿನ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲವೆಂದು ಪಕ್ಕದ ಮನೆಯಾಕೆ ಹೇಳಿದ್ದಳು.

ಕೀಲಿಕೈ ತಿರುವುವ ಆ ಸ್ವಿಚ್ಚು ಪೂರ್ತಿ ಕೈಕೊಟ್ಟಾಗ ರಿಪೇರಿಯವರನ್ನು ಹುಡುಕುವ ಪಡಿಪಾಟಲು ಶುರುವಾಯಿತು. ಊರಲ್ಲಿ ಮೆಕ್ಯಾನಿಕ್ಕುಗಳಿಗೆ ಬರವಿರಲಿಲ್ಲ, ನನ್ನಂಥವರಿಗೆ ಮಾತ್ರ ಒಬ್ಬರೂ ಸಿಗುತ್ತಿರಲಿಲ್ಲ. ಮೊದಲು ಸ್ಕೂಟರು ನೋಡುತ್ತಿದ್ದವನೂ ಈಗ ಅದಿರಿನ ಟಿಪ್ಪರಿನ ಕೆಳಗೆ ರಿಪೇರಿಗೆ ಮಲಗಿದ್ದ. "ನಾಳೆ ಬರ್ರಿ" ಅನ್ನುವುದನ್ನು ಎಲ್ಲರೂ ಒಬ್ಬರೇ ಗುರುಗಳಿಂದ ಕಲಿತಂತಿತ್ತು. ಮರಿಯಮ್ಮನಹಳ್ಳಿಯಲ್ಲಿ ಒಬ್ಬನಿದ್ದಾನೆ ಅಂದರು. ಅಲ್ಲಿಗೆ ಹೋದರೆ ಅವನು ಶೆಡ್ಡು ಮುಚ್ಚಿ ತಾನೇ ಲಾರಿ ಕೊಂಡಿದ್ದ. ಶಾಲೆಗೆ ತಡವಾಗಿ ಹೋಗಿ ಹೋಗಿ ಹೆಡ್‌ಮಾಸ್ತರರ ಮುಖ ನೋಡುವುದಕ್ಕೇ ಬೇಸರವಾಗಿಬಿಟ್ಟಿತ್ತು.

ಕೊನೆಗೆ ಬೈಪಾಸ್ ಹತ್ತಿರದ ಒಬ್ಬ ಆಟೊ ಎಲೆಕ್ಟ್ರಿಶಿಯನ್ ಸಿಕ್ಕ. ಕಾರನ್ನು ತಳ್ಳಿಸಿಕೊಂಡು ಅವನ ಶೆಡ್ಡಿಗೆ ಮುಟ್ಟಿಸಿದೆ. ದೊಡ್ಡ ಬಾಯಿ, ಕಿವಿಗೆ ಅಂಟಿದ ಮೊಬೈಲು. "ಮಾರಿಬಿಟ್ಟು ಹೊಸಾದು ತಗೊಳ್ರಿ ಅಕ್ಕಾರ. ಈಗ ಎಲ್ಲಾರೂ ಹೊಸಾದ ತಗೊಳ್ಳಾಕತ್ಯಾರ" ಎಂದ.

"ಎಲ್ಲಾರಿಗೂ ಗಣಿ ಐತ್ರಿ. ನನಗ ಬರೇ ಶಾಲಿ ಐತಿ" ಎಂದೆ. ನನ್ನ ದನಿಯಲ್ಲಿದ್ದ ಸಿಟ್ಟಿಗೆ ಹೆದರಿದನೋ, ಕನಿಕರ ಪಟ್ಟನೋ, ಸ್ಕ್ರೂಡ್ರೈವರ್ ಎತ್ತಿಕೊಂಡ.

ಬ್ಯಾಟರಿಯ ವೈರು ಬಿಚ್ಚಿ, ಸ್ವಿಚ್ಚನ್ನು ಹೊರಗೆಳೆದು, ಕಲ್ಲಿನ ಮೇಲೆ ಕುಟ್ಟಿದ. ತೂತಿನಿಂದ ಒಂದು ಗಟ್ಟಿ ಹೆಂಟೆ ಉದುರಿತು. ಬಿಳಿಯಲ್ಲ, ಕೆಂಪಲ್ಲ, ನಡುವಿನ ಗುಲಾಬಿ ಬಣ್ಣ.

"ಯಾರ್ರೀ ಇದರಾಗ ಸಿಮೆಂಟ್ ತುಂಬಿದವರು?" ಎಂದು ನಕ್ಕ.

ನಾನು ಅದನ್ನು ಮೂಗಿನ ಹತ್ತಿರ ಹಿಡಿದೆ. ಕೊಬ್ಬರಿ ಎಣ್ಣೆಯ ಹಳಸಲು ವಾಸನೆ. ಅದರ ಕೆಳಗೆ ನಮ್ಮ ದೇವರ ಕೋಣೆಯ ವಾಸನೆ. ಎಣ್ಣೆ, ವಿಭೂತಿ, ಮೇಲಿಂದ ಬಿದ್ದ ಅದಿರಿನ ಧೂಳು, ಎಲ್ಲ ಕೂಡಿ ಕಲ್ಲಾಗಿದ್ದವು. ಕೀಲಿಕೈ ಅದರಲ್ಲಿ ಸಿಕ್ಕಿ ವಾಪಸ್ ಬರಲಾರದೆ, ಸ್ವಿಚ್ಚಿನ ಹಿಂಭಾಗ ಕಾದು ಸುಟ್ಟುಹೋಗಿತ್ತು.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಬಿಸಿಲಿನಲ್ಲಿ ನಿಂತದ್ದು, ಬೈಸಿಕೊಂಡದ್ದು, ಕಂಡ ಕಂಡ ಶೆಡ್ಡಿನ ಮುಂದೆ ಕೈ ಕಟ್ಟಿ ನಿಂತದ್ದು, ಎಲ್ಲ ಈ ಹೆಂಟೆಗಾಗಿ! ಮನೆಗೆ ಹೋಗಿ ಅಪ್ಪನ ಮುಂದೆ ಇದನ್ನು ಇಟ್ಟುಬಿಡಬೇಕು ಅಂದುಕೊಂಡೆ.

"ನಮ್ಮಪ್ಪ ಹಚ್ಚಿದ ವಿಭೂತಿ ಇದು" ಎಂದೆ. "ಹೇಳಿಬಿಡ್ರಿ, ತೂತಿಗೆ ಹಚ್ಚಬ್ಯಾಡ ಅಂತ" ಎಂದ ಎಲೆಕ್ಟ್ರಿಶಿಯನ್. ಆ 'ಬ್ಯಾಡ' ಕಿವಿಗೆ ಬಿದ್ದದ್ದೇ ನನ್ನ ಸಿಟ್ಟು ಅರ್ಧಕ್ಕೇ ನಿಂತಿತು. ಆ ವರ್ಷವಿಡೀ ಅಪ್ಪನಿಗೆ ನಾನು ಹೇಳಿದ್ದು ಅದೊಂದೇ ಮಾತು. ಗ್ಯಾಸ್ ಹಚ್ಚಬ್ಯಾಡ. ಬಚ್ಚಲ ಚಿಲಕ ಹಾಕಬ್ಯಾಡ. ಒಬ್ಬನೇ ರಸ್ತೆ ದಾಟಬ್ಯಾಡ. ಅವನು ಒಂದಕ್ಕೂ ಎದುರಾಡಿರಲಿಲ್ಲ, ಆಯ್ತು ಎಂದು ಕೈ ಹಿಂದಕ್ಕೆ ತೆಗೆದುಕೊಂಡಿದ್ದ. ಮಗಳಿಗಾಗಿ ಮಾಡಲು ಅವನಿಗೆ ಉಳಿದಿದ್ದ ಕೆಲಸ ಇದೊಂದೇ. ಇದನ್ನೂ ಕಿತ್ತುಕೊಂಡರೆ ಅವನು ಕಟ್ಟೆಯ ಮೇಲೆ ಬರೀ ಕೂರುವ ಮನುಷ್ಯನಾಗುತ್ತಾನೆ. ಅದು ನನ್ನಿಂದಾಗದು ಅನ್ನಿಸಿತು.

ಹೊಸ ಸ್ವಿಚ್ಚು ಹಳೆಯ ತೂತಿಗೆ ಹೊಂದುತ್ತಲೂ ಇರಲಿಲ್ಲ. "ಹೊಸಾದನ್ನ ಕೆಳಗ ಒಂದು ಪಟ್ಟಿ ಹಾಕಿ ಕೂಡಿಸ್ರಿ. ಹಳೇದನ್ನ ತೊಳದು ಅದರ ಜಾಗಾದಾಗ ಹಂಗ ಇಡ್ರಿ" ಎಂದೆ.

"ವೈರ್ ಇಲ್ಲದ ಸ್ವಿಚ್ ಯಾಕ್ರೀ?"

"ಇರ್ಲಿ ಬಿಡ್ರಿ, ಚಂದ ಕಾಣ್ತೈತಿ" ಎಂದೆ. ಅವನು ನನ್ನನ್ನು ಅರೆಹುಚ್ಚಿಯ ಲೆಕ್ಕಕ್ಕೆ ಸೇರಿಸಿದ್ದು ಅವನ ಮುಖದಲ್ಲೇ ಕಂಡಿತು. ಆದರೂ ಹಳೆಯದರ ಸುಟ್ಟ ಹಿಂಭಾಗ ತೆಗೆದೆಸೆದು, ಉಳಿದದ್ದನ್ನು ಪೆಟ್ರೋಲಿನಲ್ಲಿ ತೊಳೆದು, ಇದ್ದಲ್ಲೇ ಕೂರಿಸಿದ. ಸ್ಟಿಯರಿಂಗಿನ ಕೆಳಗೆ, ಮೊಣಕಾಲ ಹತ್ತಿರ, ಹೊಸ ಸ್ವಿಚ್ಚು ಬಂತು.

ಅಪ್ಪನಿಗೆ ನಾನು ಹೇಳಿದ್ದು "ಸರಿ ಆತು" ಎಂದಷ್ಟೇ.

ಅಮಾವಾಸ್ಯೆ ಬಂತು. ಅಪ್ಪ ಒದ್ದೆ ಕೂದಲಿನಲ್ಲೇ ಗೋಡೆ ಹಿಡಿದು ಬಂದು ಚಾಲಕನ ಸೀಟಿನಲ್ಲಿ ಕೂತ. ನಾನು ಪಕ್ಕದ ಸೀಟಿನಲ್ಲಿ, ಕೆಳಗಿನ ಕೀಲಿಕೈ ಹಿಡಿದು, ಕಳ್ಳಿಯಂತೆ ಬಗ್ಗಿ ಕೂತೆ. ಅವನು ಎಣ್ಣೆ ಬಿಟ್ಟ. ವಿಭೂತಿ ಗಟ್ಟಿಯನ್ನು ಅಂಗೈಯ ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಹಳೆಯ ತೂತಿನ ಮೇಲೆ ಎಳೆದ. ತನ್ನ ಕೀಲಿಕೈ ಹಾಕಿದ. ಅವನ ಮಣಿಕಟ್ಟು ತಿರುಗಿದ್ದೇ ನಾನು ಕೆಳಗೆ ತಿರುವಿದೆ. ಇಂಜಿನ್ ಶುರುವಾಯಿತು.

ಅಪ್ಪ ಇಳಿಯಲಿಲ್ಲ. ಕೀಲಿಕೈಯನ್ನು ಹಿಂದೆ ಮುಂದೆ ತಿರುವಿದ. ಇಂಜಿನ್ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ಇದು ಹಗುರ ಆಗೇತಿ" ಎಂದ. "ಮೊದಲ ಕೈಗೆ ಎದುರು ಬರ್ತಿತ್ತು. ಈಗ ಹಿಂದ ಏನೂ ಇಲ್ಲ."

ತನ್ನ ಕೀಲಿಕೈಯನ್ನು ಹೊರಗೆಳೆದು ಜೇಬಿಗೆ ಹಾಕಿಕೊಂಡ.

"ನಾ ಹಚ್ಚಿದ್ದಕ್ಕ ಕೆಟ್ಟಿತ್ತೇನು?"

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ, ಬರಲಿಲ್ಲ. "ಹೂಂ ಅಪ್ಪ. ಅದಿರಿನ ಧೂಳ ಕೂಡಿ ಗಟ್ಟಿ ಆಗಿತ್ತು" ಎಂದೆ.

ಆಯ್ತು ಎಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ಮುಗಿಯಿತು, ಅಂದುಕೊಂಡೆ. ಆದರೆ ಅವನು ಎಡಗೈ ಚಾಚಿ ನನ್ನ ಮುಂಗೈ ಹುಡುಕಿ ಹಿಡಿದ. ಹಾಗೆ ಹಿಡಿದೇ ಹೊಸ ಸ್ವಿಚ್ಚಿನವರೆಗೆ ತನ್ನ ಕೈ ಇಳಿಸಿದ. ಅಲ್ಲಿ ಇದ್ದದ್ದನ್ನು ಒಣ ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿದ.

"ಇದು ಗಟ್ಟಿ ಐತಿ" ಎಂದ. "ಇದಕ್ಕ ನಾ ಏನೂ ಹಚ್ಚಂಗಿಲ್ಲ. ಬಗ್ಗು ಇಲ್ಲೆ."

ಬಗ್ಗಿದೆ. ಬಲಗೈಯಲ್ಲಿ ಇನ್ನೂ ಹಸಿ ಇದ್ದ ವಿಭೂತಿಯನ್ನು ನನ್ನ ಹಣೆಗೆ ಎಳೆದ. ಕಣ್ಣು ಕಾಣದ ಕೈ. ಅರ್ಧ ಹುಬ್ಬಿಗೆ ಬಂತು, ಒಂದು ಗೆರೆ ಕೂದಲೊಳಗೆ ಹೋಯಿತು.

"ಹುಷಾರಾಗಿ ಹೋಗಿ ಬಾ ಯವ್ವಾ" ಎಂದು ಇಳಿದು, ಗೋಡೆ ಹಿಡಿದು ಕಟ್ಟೆಗೆ ಹೋದ.

ಅವತ್ತೂ ಸಂಡೂರು ರಸ್ತೆಯ ಘಾಟಿನ ಕೆಳಗೆ ಲಾರಿ ಸಾಲು ನಿಂತಿತ್ತು. ನಾನು ಇಂಜಿನ್ ಆರಿಸಿದೆ. ಧೂಳು ಬರದಂತೆ ಗಾಜು ಏರಿಸಿ, ಹಣೆ ಒರೆಸಿಕೊಳ್ಳದೆ, ಯಾರೂ ನೋಡುತ್ತಿಲ್ಲವೆಂದುಕೊಂಡು ಅತ್ತುಬಿಟ್ಟೆ.