ಒಂಬತ್ತನೇ ಕ್ಲಾಸಿಗೆ ಎರಡು ಸೀಟು

ಮಗಳಿಗೆ ಎರಡೂ ಕಡೆ ಸೀಟು ಸಿಕ್ಕಿದೆ ಎಂಬ ಇಮೇಲು ಬಂದಾಗ ನಾನು ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದೆ. ಸಂತೋಷವಾಗಬೇಕಿತ್ತು. ಆದರೆ ನನಗೆ ಮೊದಲು ಹೊಳೆದದ್ದು, ಇನ್ನೊಂದು ವಾರ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ ಎಂಬುದು.

ಅವಳು ಆಗ ಎಂಟನೇ ಕ್ಲಾಸು. ಪ್ಲೆಸೆಂಟನ್ನಿನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಳ್ಳೆಯ ಹೈಸ್ಕೂಲೇ ಇತ್ತು. ಆದರೂ ನಾವು ಬೇರೆ ಊರುಗಳ ಎರಡು ಮ್ಯಾಗ್ನೆಟ್ ಪ್ರೋಗ್ರಾಮುಗಳಿಗೆ ಅರ್ಜಿ ಹಾಕಿದ್ದೆವು. ಪರೀಕ್ಷೆ ಮಾಡಿ, ಪ್ರಬಂಧ ಬರೆಸಿ ಮಕ್ಕಳನ್ನು ಆರಿಸಿಕೊಳ್ಳುವ ಜಾಗಗಳವು. ಒಂದು ವಿಜ್ಞಾನದ್ದು, ಅಲ್ಲಿ ಪ್ರತಿ ಮಗುವೂ ವರ್ಷಕ್ಕೊಂದು ಸಂಶೋಧನೆ ಮಾಡಬೇಕು. ಇನ್ನೊಂದು ಚರಿತ್ರೆ, ಸಾಹಿತ್ಯ, ಭಾಷೆಗಳದ್ದು. ಅಲ್ಲಿ ಓದಿದಷ್ಟೂ, ಬರೆದಷ್ಟೂ ಮುಗಿಯುವುದಿಲ್ಲವಂತೆ. "ಸಿಗತ್ತೋ ಇಲ್ವೋ, ಅಪ್ಲೈ ಮಾಡಿಡೋಣ" ಅಂದಿದ್ದ ನನ್ನ ಗಂಡ. ಎರಡೂ ಸಿಕ್ಕಿಬಿಟ್ಟವು. ಶುಕ್ರವಾರ ಸಂಜೆ ಐದರೊಳಗೆ ಒಂದನ್ನು ಒಪ್ಪಿಕೊಳ್ಳಬೇಕಿತ್ತು.

ಗಂಡ ಅವತ್ತೇ ಒಂದು ಸ್ಪ್ರೆಡ್‌ಶೀಟು ತೆರೆದ. ದೂರ, ಹೋಂವರ್ಕು, ಮುಂದೆ ಯಾವ ಕಾಲೇಜು, ಹೀಗೆ ಸಾಲು ಸಾಲು. ಹುಬ್ಬಳ್ಳಿಯಿಂದ ಬಂದು ನಮ್ಮೊಡನಿದ್ದ ಅತ್ತೆ ಅದನ್ನು ಕನ್ನಡಕ ಏರಿಸಿಕೊಂಡು ನೋಡಿದರು. "ಮನಿ ಮುಂದನ ಸಾಲಿ ಐತಿ. ಅದರ ಹೆಸರ ಇದರಾಗ ಇಲ್ಲಲ್ಲಪಾ" ಅಂದರು.

ಸೀಟು ಸಿಕ್ಕ ಮಕ್ಕಳು ಹಿರಿಯ ವಿದ್ಯಾರ್ಥಿಯೊಬ್ಬರ ಜೊತೆ ಒಂದು ದಿನ ಕಳೆಯಲು ಎರಡೂ ಶಾಲೆಯವರು ಕರೆದಿದ್ದರು. ನಾನು ಎರಡು ದಿನ ಅರ್ಧರ್ಧ ರಜೆ ಹಾಕಿದೆ. ಸಾಹಿತ್ಯದ ಶಾಲೆಯಿಂದ ಅವಳು ನಗುನಗುತ್ತಲೇ ಬಂದಳು, ಮನೆ ಬರುವವರೆಗೂ ಮಾತಾಡಿದಳು. ಮರುದಿನ ವಿಜ್ಞಾನದ ಶಾಲೆಯಿಂದ ಬಂದವಳು ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದು ಸುಮ್ಮನೆ ಕೂತಳು.

"ಹೇಗಿತ್ತು?"

"ಫೈನ್."

ಫ್ರೀವೇ ಹತ್ತುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಪುಟ್ಟ ಮಗುವಿನ ಹಾಗೆ. ಸಾಹಿತ್ಯದ ಶಾಲೆಯೇ ಸರಿ ಎಂದು ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಗುರುವಾರ ಗಂಡನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಕಥೆ, ಹಿಸ್ಟರಿ ಓದಿ ಮುಂದೇನ್ ಮಾಡ್ತಾಳೆ ಹೇಳು" ಅಂದ.

"ಸೈನ್ಸ್ ಓದಿ ನಾವೇನ್ ಮಾಡ್ತಿದೀವಿ? ನಾನು ದಿನಾ ಎರಡ್ ಗಂಟೆ ಟ್ರಾಫಿಕ್ಕಲ್ಲಿ ಕೂತಿರ್ತೀನಿ. ನೀನು ಮೀಟಿಂಗಲ್ಲಿ ಕೂತಿರ್ತೀಯ" ಅಂದೆ. ಅಷ್ಟು ಒರಟಾಗಿ ಹೇಳಬೇಕೆಂದಿರಲಿಲ್ಲ. ಅವನು ಲ್ಯಾಪ್‌ಟಾಪು ಮುಚ್ಚಿ ಎದ್ದುಹೋದ. ಮಗಳು ಸೋಫಾದ ಮೇಲೆ ಹೆಡ್‌ಫೋನು ಹಾಕಿಕೊಂಡಿದ್ದಳು. ಅದರಲ್ಲಿ ಹಾಡು ಬರುತ್ತಿತ್ತೋ ಇಲ್ಲವೋ ನಾನು ನೋಡಲಿಲ್ಲ.

ಶುಕ್ರವಾರ ಮನೆಯಿಂದಲೇ ಕೆಲಸ ಮಾಡಿದೆ. ಮೂರೂವರೆಗೆ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ನಿಂತಳು.

"ಅಮ್ಮಾ, ಸೈನ್ಸ್ ಸ್ಕೂಲಲ್ಲಿ ನಂಗೆ ಸಿಕ್ಕಿದ್ದ ಆ ಹನ್ನೊಂದನೇ ಕ್ಲಾಸ್ ಹುಡುಗಿ... ಶೀ ಕ್ರೈಡ್. ಲಂಚ್ ಟೈಮಲ್ಲಿ, ರೆಸ್ಟ್‌ರೂಮಲ್ಲಿ. ನಾನು ಅವ್ಳ ಬ್ಯಾಗ್ ಹಿಡ್ಕೊಂಡು ಹೊರಗೆ ನಿಂತಿದ್ದೆ."

ಆ ಹುಡುಗಿಯ ಪ್ರಯೋಗ ಮೂರನೇ ಸಲ ಕೆಟ್ಟಿತ್ತಂತೆ. ವರದಿ ಕೊಡಲು ಮೂರೇ ದಿನ ಉಳಿದಿತ್ತಂತೆ. ಅತ್ತು, ಮುಖ ತೊಳೆದುಕೊಂಡು ಬಂದು, ನನ್ನ ಮಗಳನ್ನು ಲ್ಯಾಬಿಗೆ ಕರೆದೊಯ್ದು, ಎಲ್ಲಿ ಕೆಟ್ಟಿತೆಂದು ಅರ್ಧ ಗಂಟೆ ತೋರಿಸಿದಳಂತೆ.

ನಾನು ಚಾಕು ಕೆಳಗಿಟ್ಟೆ. "ಸರಿ ಪುಟ್ಟಾ, ಅಲ್ಲಿಗೆ ಬೇಡ" ಅಂದೆ.

"ನೋ. ಐ ವಾಂಟ್ ದಟ್ ಒನ್."

"ಅವಳು ಅತ್ತಳು ಅಂತೀಯಲ್ಲೇ!"

"ಆ ಇನ್ನೊಂದ್ ಸ್ಕೂಲಲ್ಲಿ ಎಲ್ರೂ ನಗ್ತಾನೇ ಇದ್ರು ಅಮ್ಮಾ, ಹೋಲ್ ಡೇ. ಇವ್ಳು ನಂಗೆ ನಿಜ ಹೇಳಿದ್ಲು."

ನಾನೂ ಲ್ಯಾಬಿನ ರೆಸ್ಟ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತವಳು, ಒಂದು ಸಲವಲ್ಲ. ಮನೆಗೆ ಬರುವಷ್ಟರಲ್ಲಿ ಮುಖ ಸರಿಯಾಗಿರುತ್ತಿತ್ತು. ಅವತ್ತು ಮೊದಲ ಬಾರಿಗೆ ಅದನ್ನು ಅವಳಿಗೆ ಹೇಳಿದೆ.

"ಈಗ್ಲೂ?" ಅಂದಳು.

"ಹೋದ ತಿಂಗಳು ಕೂಡ."

ಅವಳು ನನ್ನ ತೋಳಿಗೆ ತಲೆ ಒರಗಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇಬ್ಬರೂ ಹೋಗಿ ಒಪ್ಪಿಗೆಯ ಬಟನ್ ಒತ್ತಿದೆವು. ಸಂಜೆ ವಿಷಯ ಕೇಳಿ "ನಾನ್ ಹೇಳ್ಲಿಲ್ವಾ?" ಎಂದು ಗಂಡ ಹಿಗ್ಗಿದ. ಕಾರಣವನ್ನು ನಾನು ಅವನಿಗೆ ಹೇಳಲಿಲ್ಲ. ಹೇಳುವ ಶಕ್ತಿಯೂ ಇರಲಿಲ್ಲ.

ಈಗ ಅವಳು ಹತ್ತನೇ ಕ್ಲಾಸು. ಐದೂವರೆಗೆ ಏಳುತ್ತೇವೆ. ಅವಳನ್ನು ಇಳಿಸಿ ನಾನು ಸೇತುವೆ ದಾಟಿ ಲ್ಯಾಬಿಗೆ ಹೋಗುತ್ತೇನೆ. ಅವಳು ಏಳು ವರ್ಷ ಕಲಿತ ಭರತನಾಟ್ಯ ನಿಂತಿದೆ. ಹೋದ ಚಳಿಗಾಲದಲ್ಲಿ ಒಂದು ದಿನ "ಮನೆ ಹತ್ರದ ಸ್ಕೂಲಿಗೇ ಹೋಗ್ಲಾ?" ಎಂದು ಕೇಳಿದಳು. ಈ ಸಲ ಗಂಡನೇ "ಹೋಗು ಪುಟ್ಟಾ" ಅಂದ. ಅವಳು ಎರಡು ದಿನ ಯೋಚಿಸಿದಳು. ಕೊನೆಗೆ ಅಲ್ಲೇ ಉಳಿದಳು, ಗಣಿತದ ಹೆಚ್ಚು ಕಷ್ಟದ ಕ್ಲಾಸೊಂದನ್ನು ಮಾತ್ರ ಬಿಟ್ಟಳು. ಅವಳ ಮೊದಲ ಪ್ರಯೋಗವೂ ಕೆಟ್ಟಿತು. ಅದನ್ನು ಊಟದ ಮೇಜಿನ ಮೇಲೆ ಚಿತ್ರ ಬರೆದು ನಮಗೆ ವಿವರಿಸಿದಳು. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ನಿದ್ದೆಯಿಂದ ಕಣ್ಣು ಎಳೆಯುತ್ತಿತ್ತು.

ಕಳೆದ ವಾರ ಇಂಡಿಯನ್ ಗ್ರೋಸರಿಯಲ್ಲಿ ಪರಿಚಯದವರೊಬ್ಬರು ನನ್ನನ್ನು ತಡೆದರು. ಅವರ ಮಗನಿಗೂ ಎರಡೂ ಕಡೆ ಸಿಕ್ಕಿದೆಯಂತೆ. ಬರೆದುಕೊಳ್ಳಲು ಫೋನು ತೆಗೆದರು.

"ನಿಮ್ಗೆ ಗೊತ್ತಿರತ್ತೆ, ಹೇಳಿ. ಯಾವ್ದು ಬೆಟರು?"

"ನಿಜವಾಗ್ಲೂ ನಂಗೊತ್ತಿಲ್ಲ ಕಣ್ರೀ" ಅಂದೆ.

ಅವರು ನಂಬಲಿಲ್ಲ. ಏನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡಿ, ಬೆಂಡೆಕಾಯಿ ಆರಿಸಲು ಹೊರಟುಹೋದರು.