ಕಡೆಯ ಸಾಲು ನೋಡುತ್ತಿದ್ದ ಉಸ್ತಾದರು

ಉಸ್ತಾದರ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ಪ್ರಿಂಟರಿನಿಂದ ಕಾಗದ ಹೊರಬಿದ್ದ ಕೂಡಲೇ ಆ ಬೆರಳು ನೇರ ಕಡೆಯ ಸಾಲಿಗೆ ಹೋಗಿ ಕೂರುತ್ತಿತ್ತು. ಮೊದಲ ಸಾಲು ಆಮೇಲೆ. ರಿಬ್ಬನ್ನಿನ ಮಸಿ ಹತ್ತಿ ಹತ್ತಿ ಉಗುರಿಗೆ ಆ ಬಣ್ಣ ಬಂದಿತ್ತು. "ತಲಿ ಎಲ್ಲಾರೂ ನೋಡ್ತಾರ, ಬೇಟಿ. ಬಾಲ ನೋಡಾಂವನ ಕೆಲಸಗಾರ," ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಬಳ್ಳಾರಿಯಲ್ಲಿ ಆಗಷ್ಟೇ ಶುರುವಾಗಿದ್ದ ಖಾಸಗಿ ಕಂಪ್ಯೂಟರ್ ಕೇಂದ್ರವೊಂದಕ್ಕೆ ನಾನು ತೆಕ್ಕಲಕೋಟೆಯಿಂದ ಬಂದು ಪ್ರೋಗ್ರಾಮರ್ ಆಗಿ ಸೇರಿದ್ದೆ. ಉಸ್ತಾದರು ಕೌಲ್ ಬಜಾರಿನವರು. ಟೈಪ್‌ರೈಟರ್ ರಿಪೇರಿ ಮಾಡಿಕೊಂಡಿದ್ದವರು ಪುಸ್ತಕ ಓದಿ, ಯಂತ್ರದ ಮುಂದೆ ಕೂತು, ಪ್ರೋಗ್ರಾಂ ಬರೆಯುವುದನ್ನು ತಾವೇ ಕಲಿತಿದ್ದರು. ಡಿಗ್ರಿ ಇರಲಿಲ್ಲ. ಹೊಸಬರು ಯಾರೇ ಬರಲಿ, ಕೈಗೆ ಸೀಮೆಸುಣ್ಣ ಕೊಟ್ಟು ಕರಿಹಲಗೆ ತೋರಿಸಿ, "ಒಂದರಿಂದ ಹತ್ತರತನಕ ಅಚ್ಚು ಹಾಕೋ ಪ್ರೋಗ್ರಾಂ ಬರೀರಿ" ಎನ್ನುವರು. ನಕ್ಕವರೇ ಹೆಚ್ಚು. ಬರೆದವರಲ್ಲಿ ಅರ್ಧ ಜನರ ಪ್ರೋಗ್ರಾಂ, ಎಣಿಕೆ ಒಂದು ಕಡಿಮೆಯಾಗಿ, ಒಂಬತ್ತಕ್ಕೇ ನಿಂತುಬಿಡುತ್ತಿತ್ತು. ನನ್ನದೂ ನಿಂತಿತ್ತು. ಅವರು ಬೈಯಲಿಲ್ಲ, ಚಹಾ ತರಿಸಿ ಸಂಜೆಯವರೆಗೆ ಬರೆಸಿದರು.

ಒಂದು ದಿನ ಮಾಲೀಕರ ಅಳಿಯ ನಮ್ಮೆಲ್ಲರ ಮುಖ್ಯಸ್ಥನಾಗಿ ಬಂದ. ಕೈಯಲ್ಲಿ ಬೆಂಗಳೂರಿನ ಸರ್ಟಿಫಿಕೇಟುಗಳು, ಕುತ್ತಿಗೆಗೆ ಟೈ. ಬಳ್ಳಾರಿಯ ಬಿಸಿಲಲ್ಲಿ ಟೈ. ಉಸ್ತಾದರು ಅವನಿಗೂ ಸೀಮೆಸುಣ್ಣ ಕೊಟ್ಟರು. ಅವನದೂ ಒಂಬತ್ತಕ್ಕೆ ನಿಂತಿತು. "ಹತ್ತು ಎಲ್ಲಿ ಹೋತ್ರಿ ಸರ್?" ಎಂದು ಅವರು ಕೇಳಿದ್ದು ಕುಹಕಕ್ಕಲ್ಲ, ಎಲ್ಲರನ್ನೂ ಹಾಗೇ ಕೇಳುತ್ತಿದ್ದರು. ಮಾರನೇ ದಿನ, ಡಿಗ್ರಿ ಇಲ್ಲದವರು ಬೇಡವೆಂದು ಅವರನ್ನು ಮನೆಗೆ ಕಳಿಸಲಾಯಿತು. ಊಟದ ಡಬ್ಬಿ ಹಿಡಿದು ಅವರು ಮೆಟ್ಟಿಲಿಳಿಯುವಾಗ ನಾನು ಅಳಿಯನ ಕಡೆ ತಿರುಗಿ ನೋಡಿದೆ. ಮಗನೇ, ನಿನಗೆ ಬುದ್ಧಿ ಕಲಿಸದಿದ್ದರೆ ಕೇಳು ಅಂದುಕೊಂಡೆ.

ಸಮಯ ಬೇಗ ಒದಗಿತು. ಸಿರುಗುಪ್ಪ ಕಡೆಯ ಭತ್ತದ ರೈತರ ಸಂಘವೊಂದು ಕಾಲುವೆ ನೀರಿನ ಪಾಳಿಯ ಪಟ್ಟಿಯನ್ನು ನಮ್ಮಲ್ಲಿ ಅಚ್ಚು ಹಾಕಿಸುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ನೀರು. ಉಸ್ತಾದರ ಪ್ರೋಗ್ರಾಂ ತೆಗೆದು ಅಳಿಯ ತನ್ನದು ಹಾಕಿದ. ಕಾಗದ ಬಂದಾಗ ನನ್ನ ಬೆರಳು ಅಭ್ಯಾಸದಂತೆ ಕಡೆಯ ಸಾಲಿಗೆ ಹೋಯಿತು. ಕಾಲುವೆಯ ತುದಿಯಲ್ಲಿ ಹೊಲವಿದ್ದುದರಿಂದ ಸದಾ ಕಡೆಗೆ ಬರುತ್ತಿದ್ದ ಕರೂರಿನ ರೈತನ ಹೆಸರು ಅಲ್ಲಿರಲಿಲ್ಲ. ಅವನಿಗಿಂತ ಮುಂಚಿನವನೇ ಕೊನೆಯವನಾಗಿದ್ದ. ಅದೇ ಒಂಬತ್ತರ ತಪ್ಪು. ನನಗೆ ಎಷ್ಟು ಖುಷಿಯಾಯಿತೆಂದರೆ, ಯಾರಿಗೂ ಹೇಳದೆ ಪಟ್ಟಿಯನ್ನು ಮಡಚಿ ಲಕೋಟೆಗೆ ಹಾಕಿ ನಾನೇ ಅಂಟಿಸಿದೆ.

ವಾರದೊಳಗೆ ಸಂಘದ ಮುಖಂಡರು ಏರಿ ಬಂದರು. "ಕರೂರಿನಾಂವಗ ಪಾಳಿ ತಪ್ಪೇತಿ. ಯಾರ್ರಿ ಹೊಣಿ?" ಅಳಿಯ, "ಅದು ಮಷೀನಿನ ತೊಂದರೆ" ಎಂದ. ನಾನು ಎದ್ದು, ಎಲ್ಲರೆದುರು ಅವನ ಕೈಗೆ ಸೀಮೆಸುಣ್ಣ ಇಟ್ಟು, "ಒಂದರಿಂದ ಹತ್ತರ ಪ್ರೋಗ್ರಾಂ ಬರೀರಿ ಸರ್" ಎಂದೆ. ಅವನ ಮಾವ, ನಮ್ಮ ಮಾಲೀಕರೂ ನೋಡುತ್ತಿದ್ದರು. ಹತ್ತು ಆ ದಿನವೂ ಬರಲಿಲ್ಲ. ಅವನ ಟೈ ಬೆವರಿಗೆ ತೊಯ್ದದ್ದು ಈಗ ನೆನೆದರೂ ನನಗೆ ಹೋಳಿಗೆ ಉಂಡಷ್ಟು ಹಿತ. ಸ್ವಲ್ಪ ದಿನಕ್ಕೇ ಅವನು ಬೆಂಗಳೂರಿನ ದಾರಿ ಹಿಡಿದ.

ಅವನು ಎಲ್ಲರೆದುರು ಸೋತ ದಿನ ಸಂಜೆಯೇ ಸುದ್ದಿ ಹೇಳಲು ಕೌಲ್ ಬಜಾರಿಗೆ ಓಡಿದೆ. ಉಸ್ತಾದರು ಟೈಪ್‌ರೈಟರಿನ ಅಕ್ಷರಗಳನ್ನು ಬ್ರಶ್ಶಿನಿಂದ ಉಜ್ಜುತ್ತಲೇ ಪೂರ್ತಿ ಕೇಳಿದರು. ನಗಲಿಲ್ಲ.

"ತಪ್ಪು ನಿನಗ ಯಾವಾಗ ಕಂಡ್ತು?"

"ಪಟ್ಟಿ ಬಂದ ದಿನಾನರಿ."

ಬ್ರಶ್ ಕೆಳಗಿಟ್ಟರು. "ಅವಗ ಬರ್ತಿದ್ದಿಲ್ಲ. ನಿನಗ ಬರ್ತಿತ್ತಲ್ಲ, ಬೇಟಿ. ಕರೂರಿಗೆ ಹೋಗಿ ಆ ಮನಷ್ಯಾಗ ಹೇಳಿ ಬಾ."

ನಾನು ಹೋಗಲಿಲ್ಲ. ಯಾರಿಗಾಗಿ ಸೇಡು ತೀರಿಸಿದೆನೋ ಅವರೇ ಹೀಗೆನ್ನುವುದೇ ಎಂದು ಅವರ ಮೇಲೂ ಸಿಟ್ಟು ಬಂದಿತ್ತು.

ಮರುವರ್ಷ ಉಸ್ತಾದರು ಜ್ವರ ಬಂದು ತೀರಿಕೊಂಡರು. ಅವರ ನಲವತ್ತನೆಯ ದಿನ ಕಳೆದ ಮೇಲೆ ಕರೂರಿನ ಬಸ್ಸು ಹತ್ತಿದೆ. ಆ ರೈತ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟ. ಪಟ್ಟಿಯ ಮಾತು ಎತ್ತುತ್ತಲೇ ಕೈ ಅಡ್ಡ ಮಾಡಿದ.

"ಅದು ಮುಗೀತಲ್ರಿ ಯವ್ವಾ. ಸಸಿ ಒಣಗಿದ್ದು ಖರೆ. ಆವಾಗ್ಲೇ ಕೌಲ್ ಬಜಾರದ ಸಾಬ್ರು ಬಂದಿದ್ರು. 'ಕಲಿಸಿದಾಂವ ನಾನು, ತಪ್ಪು ನಂದು' ಅಂತ ಕೈ ಮುಗಿದು ಹೋದ್ರು."

ಅಳಿಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಯಾವ ಪಟ್ಟಿ ಬಂದರೂ ಬೆರಳು ಕಡೆಯ ಸಾಲಿಗೆ ಹೋದಾಗ ನೆನಪಾಗುವುದು ಅವನಲ್ಲ, ಆ ಲಕೋಟೆಗೆ ಅಂಟು ಹಚ್ಚಿದ ನನ್ನ ಕೈ.